ಹಳೇ ಬೋರ್ಡಿಂಗಿನ ಬಗ್ಗೆ ನಮ್ಮ ಸಭೆಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಪಾಲಕರಿಗೆ, ಕಾರ್ಯದರ್ಶಿಯವರಿಗೆ, ಖಜಾಂಚಿಯವರಿಗೆ ಮತ್ತು ಕಮಿಟಿಯ ಎಲ್ಲ ಹಿರಿಯರಿಗೆ,

ವಂದನೆಗಳು.

ಹಳೇ ಬೋರ್ಡಿಂಗಿನಲ್ಲಿ, ಅಂದರೆ ನಮ್ಮ ಹಳೇ ಹಾಸ್ಟೆಲ್ ಕಟ್ಟಡದಲ್ಲಿ ಇರುವವರಿಗೆ ನೀವು ಕೊಟ್ಟ ನೋಟಿಸಿನ ಈ ವಿಷಯ ನಿಮ್ಮ ಕೈಗೆ ಮೊದಲೇ ಬಂದಿದೆ. ನವೆಂಬರ್ ಕೊನೆಯಲ್ಲಿ ಒಂದು ಸಲ, ಡಿಸೆಂಬರ್ ಮೊದಲ ವಾರ ಇನ್ನೊಂದು ಸಲ, ಕವರಿನಲ್ಲಿ ಹಾಕಿ ಕೊಟ್ಟಿದ್ದೆ. ಮೊದಲನೆಯದಕ್ಕೆ "ನೋಡೋಣ ಟೀಚರಮ್ಮ" ಅಂದಿರಿ. ಎರಡನೆಯದಕ್ಕೆ ಅದೂ ಇಲ್ಲ. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಸಭೆಯ ಹೆಸರು, ಊರಿನ ಹೆಸರು ಹಾಕಿಲ್ಲ. ಕೋಲಾರ ಜಿಲ್ಲೆಯ ಒಂದು ಸಣ್ಣ ಊರಿನ ಚರ್ಚಿನ ಸಭೆ ಅಂದರೆ ಸಾಕು, ಗೊತ್ತಾಗಬೇಕಾದವರಿಗೆ ಗೊತ್ತಾಗುತ್ತದೆ. ಮನೆ ಮಾತನ್ನು ಬೀದಿಗೆ ತಂದಳು ಅಂತ ಕೆಲವರು ಅನ್ನಬಹುದು. ಅನ್ನಲಿ. ಇನ್ನು ಮೂರು ವಾರಕ್ಕೆ ಮನೆ ಬಿಟ್ಟು ನಿಜವಾಗಿ ಬೀದಿಗೆ ಬೀಳುವವರು ಬೇರೆ ಇದ್ದಾರೆ.

ಹಳೇ ಬೋರ್ಡಿಂಗಿನಲ್ಲಿರುವ ಎರಡು ಮಣಿಪುರದ ಕುಟುಂಬಗಳು ಡಿಸೆಂಬರ್ 31ರೊಳಗೆ ಖಾಲಿ ಮಾಡಬೇಕು ಅಂತ ನೀವು ನೋಟಿಸು ಕೊಟ್ಟಿದ್ದೀರಿ. ಅದನ್ನು ವಾಪಸ್ ತೆಗೆದುಕೊಳ್ಳಿ ಅಂತ ಕೇಳುವುದಕ್ಕೇ ಈ ಪತ್ರ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಯಾಕೆಂದರೆ ಒಳ್ಳೆಯದು ನಿಜವಾಗಿಯೂ ಆಗಿತ್ತು, ನೀವೂ ಅದರಲ್ಲಿ ಇದ್ದಿರಿ.

ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗ ನಮ್ಮ ಆರಾಧನೆಗೆ ಬರುತ್ತಿದ್ದ. ಕೊನೇ ಬೆಂಚು, ಕಿಟಕಿ ಪಕ್ಕ. ಕನ್ನಡ ಒಂದಕ್ಷರ ಬರದು. ಆದರೆ ರಾಗ ಗೊತ್ತಿರುವ ಹಾಡು ಬಂದರೆ ತನ್ನ ಭಾಷೆಯಲ್ಲೇ ಗಟ್ಟಿಯಾಗಿ ಹಾಡುತ್ತಿದ್ದ, ಮುಂದಿನ ಬೆಂಚಿನ ಮಕ್ಕಳು ತಿರುಗಿ ತಿರುಗಿ ನೋಡುತ್ತಿದ್ದರು. 2023ರ ಮೇ 3ರಂದು ಮಣಿಪುರದಲ್ಲಿ ಗಲಭೆ ಶುರುವಾಯಿತು. ಆಮೇಲೆ ಮೂರು ಭಾನುವಾರ ಅವನು ಕಾಣಲಿಲ್ಲ. ನಾಲ್ಕನೇ ಭಾನುವಾರ ಬಂದವನು ಆರಾಧನೆ ಮುಗಿದ ಮೇಲೂ ಎದ್ದು ಹೋಗದೆ ಅಲ್ಲೇ ಕೂತಿದ್ದ. ಆಗಿನ ಅಯ್ಯನವರು, ಅಂದರೆ ಸಭಾಪಾಲಕರು, ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟರು. ಅಷ್ಟೇ, ಅತ್ತುಬಿಟ್ಟ. ಅವನ ಅಕ್ಕನ ಮನೆ ಸುಟ್ಟಿತ್ತು. ಅಲ್ಲಿ ಇಂಟರ್ನೆಟ್ ಕಡಿದುಹಾಕಿದ್ದರಿಂದ ಮೂರು ವಾರ ಯಾರು ಬದುಕಿದ್ದಾರೆ, ಯಾರು ಇಲ್ಲ ಅನ್ನುವುದೇ ಅವನಿಗೆ ಸರಿಯಾಗಿ ಗೊತ್ತಾಗಿರಲಿಲ್ಲ.

ಆ ಗಲಭೆಯಲ್ಲಿ ಇದುವರೆಗೆ 250ಕ್ಕೂ ಹೆಚ್ಚು ಜನ ಸತ್ತಿದ್ದಾರೆ, ಸುಮಾರು 60,000 ಜನ ಮನೆಮಠ ಬಿಟ್ಟಿದ್ದಾರೆ. ಗಲಭೆ ನಡೆದಿದ್ದು ಅಲ್ಲಿಯ ಎರಡು ಸಮುದಾಯಗಳ ನಡುವೆ, ಮೈತೇಯಿಗಳೂ ಬಿಟ್ಟಿದ್ದಾರೆ, ಕುಕಿ-ಜೋ ಜನರೂ ಬಿಟ್ಟಿದ್ದಾರೆ. ಚರ್ಚುಗಳೂ ಸುಟ್ಟವು, ದೇವಸ್ಥಾನಗಳೂ ಸುಟ್ಟವು. ಇದನ್ನು ಯಾಕೆ ಸೇರಿಸಿ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲೇ ಕೆಲವರು ಆಗ ಒಂದೇ ಕಡೆ ಹಿಡಿದು ಬಿಸಿಬಿಸಿ ಮಾತಾಡುತ್ತಿದ್ದಾಗ ಬೋರ್ಡಿಂಗಿನಲ್ಲಿರುವ ಒಂದು ಕುಟುಂಬದ ಅಜ್ಜಿಯೇ ಅವರನ್ನು ತಡೆದಿದ್ದರು. ಪಕ್ಕದ ಮನೆಯ ಮೈತೇಯಿ ಹೆಂಗಸು ಒಂದು ರಾತ್ರಿ ಪೂರ್ತಿ ತನ್ನನ್ನು ಅಕ್ಕಿ ಮೂಟೆಗಳ ಹಿಂದೆ ಬಚ್ಚಿಟ್ಟು ಉಳಿಸಿದಳು ಅಂತ ಮೊಮ್ಮಗಳ ಬಾಯಲ್ಲಿ ಹಿಂದಿಯಲ್ಲಿ ಹೇಳಿಸಿದರು. ಆಮೇಲೆ ಮಾತು ತಣ್ಣಗಾಯಿತು.

ಜುಲೈನಲ್ಲಿ ನಾಲ್ಕು ಕುಟುಂಬ ಬಂತು, ಒಟ್ಟು 17 ಜನ. ಗುವಾಹಟಿಯಿಂದ ಬೆಂಗಳೂರಿಗೆ ರೈಲಿನಲ್ಲೇ ಎರಡು ದಿನಕ್ಕೂ ಜಾಸ್ತಿ, ಗುವಾಹಟಿಗೆ ಬರುವುದಕ್ಕೆ ಪಟ್ಟ ಪಾಡು ಬೇರೆ. ಎರಡು ಟ್ರಂಕು, ನಾಲ್ಕು ಬ್ಯಾಗು, ಒಂದು ಗಿಟಾರ್. ಗಿಟಾರ್ ಯಾಕೆ ತಂದರೋ ಅಂತ ನಮ್ಮ ಸ್ತ್ರೀಯರ ಕೂಟದಲ್ಲಿ ಒಬ್ಬರು ಕೇಳಿದ್ದು ನೆನಪಿದೆ. ಎಲ್ಲಾ ಬಿಟ್ಟು ಓಡುವಾಗ ಕೈಗೆ ಏನು ಸಿಗುತ್ತದೋ ಅದನ್ನು ಹಿಡಿದು ಓಡುತ್ತಾರೆ, ಅದಕ್ಕೆ ಲೆಕ್ಕ ಇರುತ್ತದಾ?

ವರ್ಷಗಟ್ಟಲೆ ಬೀಗ ಹಾಕಿದ್ದ ಬೋರ್ಡಿಂಗು ತೆಗೆದೆವು. ಒಳಗೆ ಬಾವಲಿ, ಮುರಿದ ಮಂಚ, 1980ರ ದಶಕದ ಹಾಜರಿ ಪುಸ್ತಕಗಳು. ಯೌವನಸ್ಥರ ಕೂಟದ ಹುಡುಗರು ಎರಡು ಶನಿವಾರ ಗುಡಿಸಿ ಸುಣ್ಣ ಹೊಡೆದರು. ವೈರಿಂಗ್ ಮಾಡಿದ ಬಜಾರಿನ ಸಾಬರು ಕೂಲಿ ತೆಗೆದುಕೊಳ್ಳಲಿಲ್ಲ, ಸಾಮಾನಿನ ದುಡ್ಡು ಮಾತ್ರ ಕೇಳಿದರು, ಅದರಲ್ಲೂ ಇನ್ನೂರು ರೂಪಾಯಿ ಬಿಟ್ಟರು. ಆಮೇಲೆ ಟೊಮೆಟೊ ನೆನಪಿದೆಯಾ? ಅದೇ ಜುಲೈ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿ ಹೋಗಿತ್ತು, ಜನ ತೋಟದಲ್ಲಿ ರಾತ್ರಿ ಕಾವಲು ಮಲಗುತ್ತಿದ್ದರು. ಆ ರೇಟಿನಲ್ಲಿ ನಮ್ಮ ಸಭೆಯ ಒಬ್ಬ ರೈತರು, ಬೋರ್‌ವೆಲ್ ಸಾಲ ಇನ್ನೂ ತೀರದೆ ಇದ್ದವರು, ಒಂದು ಬಾಕ್ಸು ತಂದು ಬೋರ್ಡಿಂಗಿನ ಬಾಗಿಲಲ್ಲಿಟ್ಟು ಒಂದು ಹಾರ್ನು ಹೊಡೆದು ಹೊರಟುಹೋದರು. ಹೆಸರು ಹೇಳಲಿಲ್ಲ. ಟೆಂಪೋ ಯಾರದು ಅಂತ ಎಲ್ಲರಿಗೂ ಗೊತ್ತಾಯಿತು ಅನ್ನಿ.

ಇದೆಲ್ಲ ನಡೆದಿದ್ದು ಇದೇ ಸಭೆಯಲ್ಲಿ. ಈ ಸಭೆಗೆ ಇನ್ನೂ ಮನಸ್ಸಿದೆ ಅಂತ ನನಗೆ ಗೊತ್ತು. ಇಲ್ಲದೆ ಇದ್ದರೆ ಪತ್ರ ಬರೆಯುತ್ತಿರಲಿಲ್ಲ, ಸುಮ್ನೆ ಬೇರೆ ಚರ್ಚಿಗೆ ಹೋಗುತ್ತಿದ್ದೆ.

ಈಗ ಒಂದು ಭಾನುವಾರದ ವಿಷಯ. ಅವರು ಬಂದು ಎರಡು ತಿಂಗಳಾಗಿರಬೇಕು. ಕಾಣಿಕೆ ಎತ್ತುವ ಹೊತ್ತಿಗೆ ಅಜ್ಜಿ ಎದ್ದು ಮುಂದೆ ಬಂದು ಒಂದು ಪ್ಲಾಸ್ಟಿಕ್ ಕವರನ್ನು ಪೀಠದ ಹತ್ತಿರ ಇಟ್ಟು ಹೋದರು. ಬಿಚ್ಚಿ ನೋಡಿದರೆ ಅಕ್ಕಿ. ನಾವೇ ಕೊಟ್ಟಿದ್ದ ಅಕ್ಕಿ. ಅವರ ಕಡೆ ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವ ಪದ್ಧತಿಯಂತೆ, ಅದು ದೇವರ ಪಾಲು. ಊರು ಬಿಟ್ಟು ಬಂದರೂ, ತಿನ್ನುವ ಅಕ್ಕಿ ಇನ್ನೊಬ್ಬರದಾದರೂ, ಆ ಹಿಡಿ ತೆಗೆಯುವುದನ್ನು ಬಿಟ್ಟಿರಲಿಲ್ಲ. ಖಜಾಂಚಿಯವರು, ಪಾಪ, ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಅಂತ ನನ್ನನ್ನು ಕೇಳಿದ್ದರು. "ಧಾನ್ಯ ಕಾಣಿಕೆ, ಮುಕ್ಕಾಲು ಕೆಜಿ" ಅಂತ ಬರೆದೆವು. ರಿಜಿಸ್ಟರ್ ತೆಗೆದು ನೋಡಿ, ಇದೆ. ಅವತ್ತಿಂದ ಇವತ್ತಿನವರೆಗೆ ತಿಂಗಳಿಗೊಂದು ಸಲ ಆ ಕವರು ತಪ್ಪಿಲ್ಲ. ನಮ್ಮ ದಶಮಾಂಶದ, ಅಂದರೆ ಆದಾಯದಲ್ಲಿ ಹತ್ತನೇ ಒಂದು ಪಾಲು ಕೊಡುವ ಕಾಣಿಕೆಯ ಪಟ್ಟಿಯಲ್ಲಿ ಎಷ್ಟು ಖಾಲಿ ಜಾಗ ಇದೆ ಅಂತ ನಾನು ಹೇಳುವುದಿಲ್ಲ. ನನ್ನ ಹೆಸರಿನ ಮುಂದೆಯೂ ಇದೆ.

ನನ್ನ ಅಜ್ಜಿಯೂ ಹೀಗೇ ಮಾಡುತ್ತಿದ್ದರು. ನಮ್ಮ ಕಡೆ ಅಕ್ಕಿ ಎಲ್ಲಿತ್ತು ಆಗ, ಅದು ರಾಗಿ ಹಿಟ್ಟು. ಮುದ್ದೆಗೆ ಎಸರು ಕುದಿಯುವಾಗ ಒಂದು ಹಿಡಿ ಹಿಟ್ಟು ಮಡಿಕೆಗೆ. ಯಾಕಜ್ಜಿ ಅಂತ ಕೇಳಿದರೆ "ನಮ್ಮಮ್ಮ ಮಾಡ್ತಿದ್ಲು" ಅನ್ನುವರು. ಅವರ ಅಮ್ಮ, ಅಂದರೆ ನನ್ನ ಮುತ್ತಜ್ಜಿ, ಧಾತು ಈಶ್ವರ ಬರದಲ್ಲಿ ಉಳಿದ ಮಗು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಂದರೆ ಐದರಲ್ಲಿ ಒಬ್ಬರು. ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಮಿಷನರಿ ಹೆಂಗಸು ಬರದ ಅನಾಥ ಮಕ್ಕಳಿಗೆ ಆಶ್ರಮ ತೆರೆದರು. 1890ರಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು ಅದನ್ನು ವಹಿಸಿಕೊಂಡರು. ಮುತ್ತಜ್ಜಿ ಬೆಳೆದಿದ್ದು ಅಲ್ಲೇ. ಅವರಿಗೆ ತಮ್ಮ ಊರು ಗೊತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೂ ಗೊತ್ತಿರಲಿಲ್ಲ. ಯಾರಾದರೂ "ನಿಮ್ಮ ಮೂಲ ಯಾವ ಕಡೆ" ಅಂದರೆ "ರಸ್ತೆ ಕಡೆ" ಅಂತಿದ್ದರಂತೆ. ರಸ್ತೆ ಪಕ್ಕ ಸಿಕ್ಕ ಮಗು ಅದು.

ನಮ್ಮ ಜಿಲ್ಲೆಯ ಎಷ್ಟೋ ಕ್ರೈಸ್ತ ಮನೆಗಳ ಕಥೆ ಇಷ್ಟೇ. ಯಾರೋ ಬಾಗಿಲು ತೆಗೆದರು, ಆದ್ದರಿಂದ ನಾವು ಇದ್ದೇವೆ. ಆಗಲೂ ಯಾರಾದರೂ ಲೆಕ್ಕ ಹಾಕಿ "ಇವರು ಎಷ್ಟು ದಿನ ಇರುತ್ತಾರೆ, ಕಟ್ಟಡ ಬೇರೆ ಕೆಲಸಕ್ಕೆ ಬೇಕಿತ್ತಲ್ಲ" ಅಂದಿದ್ದರೆ ನಾನು ಈ ಪತ್ರ ಬರೆಯಲು ಹುಟ್ಟುತ್ತಲೇ ಇರಲಿಲ್ಲ, ನಿಮ್ಮಲ್ಲಿ ಅರ್ಧ ಜನ ಓದಲು ಇರುತ್ತಿರಲಿಲ್ಲ.

ಕ್ರಿಸ್ಮಸ್ ಬಂತು ಅಂತ ಯೇಸು ಹುಟ್ಟುವ ಹೊತ್ತಿಗೆ ಛತ್ರದಲ್ಲಿ ಜಾಗ ಸಿಗದ ಯೋಸೇಫ ಮರಿಯಳ ಮಾತು ನಾನು ಎತ್ತುವುದಿಲ್ಲ. ಅದನ್ನು ನಾವು ಪ್ರತಿ ಡಿಸೆಂಬರ್ ಸಂಡೇ ಸ್ಕೂಲ್ ನಾಟಕದಲ್ಲಿ ನೋಡಿ ಚಪ್ಪಾಳೆ ಹೊಡೆದು ಕೇಕ್ ತಿಂದು ಮನೆಗೆ ಹೋಗಿ ಅಭ್ಯಾಸ ಆಗಿಬಿಟ್ಟಿದೆ. ಈ ವರ್ಷ ಛತ್ರದ ಯಜಮಾನನ ಪಾತ್ರ ಯಾರಿಗೆ ಕೊಟ್ಟಿದ್ದಾರೆ ಗೊತ್ತಾ? ಅಜ್ಜಿಯ ಮೊಮ್ಮಗನಿಗೆ. "ಇಲ್ಲಿ ಜಾಗ ಇಲ್ಲ, ಮುಂದೆ ಹೋಗಿ" ಅನ್ನುವ ಒಂದೇ ಮಾತು ಅವನಿಗೆ, ಬೋರ್ಡಿಂಗಿನ ಮೆಟ್ಟಿಲ ಮೇಲೆ ಕೂತು ದಿನಾ ಕಲಿಯುತ್ತಿದ್ದಾನೆ. ಪಾತ್ರ ಹಂಚಿದ ಟೀಚರಿಗೆ ನೋಟಿಸಿನ ವಿಷಯ ಗೊತ್ತಿರಲಿಲ್ಲ, ಅವರನ್ನು ಬೈಯಬೇಡಿ.

ಈಗ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ನೋವಾಗಿದ್ದು ಅಲ್ಲಿ.

ನವೆಂಬರ್‌ನಲ್ಲಿ ಈ ಸಲ ಹಬ್ಬ ಚೆನ್ನಾಗೇ ಆಯಿತು. ದೇವಾಲಯದ ಬಾಗಿಲಿಗೆ ಕಬ್ಬು, ರಾಗಿ ತೆನೆ, ಒಳಗೆ ಅವರೆಕಾಯಿ ರಾಶಿ, ಕುಂಬಳಕಾಯಿ, ಟೊಮೆಟೊ ಬಾಕ್ಸು, ಕಾಲು ಕಟ್ಟಿದ ನಾಟಿ ಕೋಳಿಗಳು. ಪ್ರಸಂಗದ ನಡುವೆ ಒಂದು ಹುಂಜ ಕೂಗಿ ಎಲ್ಲರನ್ನೂ ನಗಿಸಿತು. ಆರಾಧನೆ ಆದ ಮೇಲೆ ಹರಾಜು. ನಮ್ಮ ಹರಾಜು ಹೊರಗಿನವರಿಗೆ ಅರ್ಥ ಆಗುವುದಿಲ್ಲ. ಇಲ್ಲಿ ಮೂವತ್ತು ರೂಪಾಯಿ ಕುಂಬಳಕಾಯಿ ನಾಲ್ಕು ಸಾವಿರಕ್ಕೆ ಹೋಗುತ್ತದೆ, ಕೂಗಿದವರು ಅದನ್ನು ಮತ್ತೆ ಸಭೆಗೇ ಕೊಡುತ್ತಾರೆ, ಅದು ಮತ್ತೆ ಹರಾಜಾಗುತ್ತದೆ. ಒಂದೇ ಕಾಯಿ ಮೂರು ಸಲ ಮಾರಾಟ. ನನಗೆ ಇಷ್ಟ ಅದು. ಕೊಡುವುದರಲ್ಲಿ ಒಂದು ಮೋಜು ಇರಬೇಕು.

ಅಜ್ಜಿ ಬೋರ್ಡಿಂಗಿನ ಹಿಂದೆ ಚಪ್ಪರ ಹಾಕಿ ಸೀಮೆಬದನೆಕಾಯಿ ಬೆಳೆದಿದ್ದಾರೆ. ಪ್ರಥಮ ಫಲ ಅಂತ ನಾಲ್ಕು ಕಾಯಿ ತಂದು ಇಟ್ಟಿದ್ದರು. ಆ ನಾಲ್ಕು ಕಾಯಿ 1,100 ರೂಪಾಯಿಗೆ ಹೋಯಿತು. ಕೂಗಿದವರು ಕಮಿಟಿಯ ಒಬ್ಬ ಹಿರಿಯರು. ಜನ ಚಪ್ಪಾಳೆ ಹೊಡೆದರು. ಅಜ್ಜಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ, ಹೆಗಲಿಗೆ ಒಂದು ಕಂಬಳಿ ಹೊದಿಸಿ ಫೋಟೋ ತೆಗೆದರು. ಆ ಫೋಟೋ ಗೇಟಿನ ಫ್ಲೆಕ್ಸಿನಲ್ಲಿ ಬಂತು, "ನಿರಾಶ್ರಿತರಿಗೆ ನೆರವು" ಅಂತ ದೊಡ್ಡದಾಗಿ.

ಅದು ಭಾನುವಾರ. ಮಂಗಳವಾರ ನೋಟಿಸು. ಆ ಹಿರಿಯರ ಸಹಿಯೂ ಅದರಲ್ಲಿದೆ. ಫ್ಲೆಕ್ಸು ಇನ್ನೂ ಗೇಟಿನಲ್ಲೇ ಇತ್ತು.

ಅಜ್ಜಿಗೆ ನೋಟಿಸು ಓದಲು ಬರುವುದಿಲ್ಲ. ಮೊಮ್ಮಗಳು ಓದಿದಳು. ಅವಳು ಈಗ ನಮ್ಮ ಶಾಲೆಯಲ್ಲಿ ಐದನೇ ಕ್ಲಾಸು. ಬಂದಾಗ ಅವಳ ಟಿ.ಸಿ. ಶಾಲೆಯ ಜೊತೆಗೇ ಸುಟ್ಟಿತ್ತು. ಟಿ.ಸಿ. ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಅದನ್ನು ತೋರಿಸಿ ನಾನೇ ಸೇರಿಸಿದ್ದು. ಎರಡು ವರ್ಷದಲ್ಲಿ ಕನ್ನಡ ಓದುತ್ತಾಳೆ, ಬರೆಯುತ್ತಾಳೆ, ಆಟಕ್ಕೆ ನಿಂತರೆ ತೆಲುಗಿನಲ್ಲಿ ಜಗಳ ಆಡುತ್ತಾಳೆ. ಕೋಲಾರದ ನೀರು ಕುಡಿದ ಮೇಲೆ ತೆಲುಗು ಬರದೆ ಇರುತ್ತದಾ. ಅವಳು ಕನ್ನಡದಲ್ಲಿ ಓದಿ ಅಜ್ಜಿಗೆ ಅವರ ಭಾಷೆಯಲ್ಲಿ ಹೇಳಿದ ಮೊದಲ ಸರ್ಕಾರಿ ಥರದ ಕಾಗದ ಅದು. ನಾನು ಕಲಿಸಿದ ಕನ್ನಡ.

ನೋಟಿಸಿನಲ್ಲಿ ಕಾರಣಗಳನ್ನು ಕೊಟ್ಟಿದ್ದೀರಿ. ಒಂದೊಂದಾಗಿ ನೋಡೋಣ. ಕೆಲವು ಸುಳ್ಳಲ್ಲ ಅಂತ ನಾನೂ ಒಪ್ಪುತ್ತೇನೆ.

"ನಿರಾಶ್ರಿತರನ್ನು ಇಟ್ಟುಕೊಂಡರೆ ಪೊಲೀಸ್ ತೊಂದರೆ ಬರುತ್ತದೆ" ಅಂತ ಬರೆದಿದ್ದೀರಿ. ಯಾವ ನಿರಾಶ್ರಿತರು? ಹೊರದೇಶದಿಂದ ಬಂದವರ ವಿಷಯ ಬೇರೆ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಅವರಿಗಂತಲೇ ಒಂದು ಕಾನೂನೂ ನಮ್ಮಲ್ಲಿಲ್ಲ. ಹಾಗಿದ್ದೂ ನಮ್ಮ ರಾಜ್ಯ 1960ರ ದಶಕದ ಶುರುವಿನಲ್ಲೇ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಜಮೀನು ಕೊಟ್ಟಿದೆ, ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿಗಳು ಇದ್ದಾರೆ, ಲಂಕೆಯಿಂದ ವಾಪಸ್ ಬಂದ ತಮಿಳರಿಗೆ ಸುಳ್ಯದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿದೆ. ಇರಲಿ. ಬೋರ್ಡಿಂಗಿನಲ್ಲಿ ಇರುವವರು ಆ ಲೆಕ್ಕಕ್ಕೇ ಬರುವುದಿಲ್ಲ. ಅವರು ನನ್ನ ನಿಮ್ಮ ಹಾಗೆ ಈ ದೇಶದ ಪ್ರಜೆಗಳು, ವೋಟು ಇರುವವರು. ದೇಶದಲ್ಲಿ ಎಲ್ಲಿ ಬೇಕಾದರೂ ಹೋಗಿ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ. ಫ್ಲೆಕ್ಸಿಗೆ ಚೆನ್ನಾಗಿ ಕಾಣುತ್ತದೆ ಅಂತ ನಾವೇ "ನಿರಾಶ್ರಿತರು" ಅಂತ ಬರೆಸಿ, ಆಮೇಲೆ ಅದೇ ಮಾತಿಗೆ ನಾವೇ ಹೆದರುವುದು ಯಾವ ನ್ಯಾಯ? ಠಾಣೆಗೆ ಹೋಗಿ ಬಂದವಳು ನಾನು, 2023ರಲ್ಲೇ. ಹೆಸರು, ಫೋನ್ ನಂಬರ್ ಬರೆದುಕೊಂಡು ಟೀ ಕುಡಿಸಿ ಕಳಿಸಿದರು.

"ಬೆಂಗಳೂರಿಗೋ ಬೇರೆ ಕಡೆಗೋ ಬಾಡಿಗೆಗೆ ಹೋಗಬಹುದು" ಅಂತಲೂ ಇದೆ. ಅಲ್ಲಿದ್ದ ನಾಲ್ಕರಲ್ಲಿ ಎರಡು ಕುಟುಂಬ ಹಾಗೇ ಹೋದವು, ಅವರಲ್ಲಿ ದುಡಿಯುವ ಕೈ ಜಾಸ್ತಿ ಇತ್ತು. ಉಳಿದವರು ಎಂಟು ಜನ. ಅಜ್ಜಿ, ಗಂಡ ಇಲ್ಲದ ಸೊಸೆ, ಇಬ್ಬರು ಮೊಮ್ಮಕ್ಕಳು. ಇನ್ನೊಂದು ಕಡೆ ಆ ಫ್ಯಾಕ್ಟರಿ ಹುಡುಗ, ಅವನ ಅಕ್ಕ ಭಾವ, ಇಲ್ಲೇ ಹುಟ್ಟಿದ ಒಂದು ಕೂಸು. ಈ ಎರಡು ವರ್ಷದಲ್ಲಿ ನಾನು ಅವರ ಜೊತೆ ಏಳು ಮನೆ ನೋಡಿದ್ದೇನೆ. ಒಬ್ಬರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಒಬ್ಬರು ಮುಖ ನೋಡಿದ ತಕ್ಷಣ "ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ಟೆವು" ಅಂದರು, ಟು-ಲೆಟ್ ಬೋರ್ಡು ಮಾತ್ರ ಇನ್ನೂ ಒಂದು ತಿಂಗಳು ನೇತಾಡುತ್ತಿತ್ತು. ಒಬ್ಬ ಯಜಮಾನರು ನನ್ನನ್ನೇ ಪಕ್ಕಕ್ಕೆ ಕರೆದು "ಚೈನಾದವರಾ ಟೀಚರ್?" ಅಂತ ಕೇಳಿದರು. ನಗಬೇಕೋ ಅಳಬೇಕೋ. ಒಬ್ಬರು ಒಪ್ಪಿದರು, ಆದರೆ ವಿಳಾಸ ಇರುವ ಆಧಾರ್ ಬೇಕು ಅಂದರು. ಸೊಸೆಯ ಕಾರ್ಡು ಸುಟ್ಟಿದೆ. ಕಾರ್ಡು ಇಲ್ಲದಿದ್ದರೂ ನಂಬರಿನಿಂದ ತೆಗೆಯಬಹುದು, ಆದರೆ ಒಟಿಪಿ ಬರುವುದು ಹಳೇ ಸಿಮ್ಮಿಗೆ, ಆ ಸಿಮ್ಮೂ ಸುಟ್ಟಿದೆ, ಹೊಸ ಸಿಮ್ಮಿಗೆ ಆಧಾರ್ ಕೇಳುತ್ತಾರೆ. ಅದನ್ನು ಬಿಡಿಸಲು ನಮಗೆ ಎಂಟು ತಿಂಗಳು ಹಿಡಿಯಿತು. ಈಗ ಕಾರ್ಡು ಬಂದಿದೆ, ಮಣಿಪುರದ ಚುರಾಚಾಂದ್‌ಪುರದ ಹಳೇ ವಿಳಾಸದಲ್ಲಿ. ಆ ವಿಳಾಸದಲ್ಲಿ ಈಗ ಮನೆ ಇಲ್ಲ.

2012ರ ಆಗಸ್ಟ್‌ನಲ್ಲಿ ಒಂದು ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಲ್ಲಿ ಗುವಾಹಟಿ ರೈಲು ಹತ್ತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಆ ವರ್ಷದ ಕ್ರಿಸ್ಮಸ್‌ನಲ್ಲಿ ನಮ್ಮ ಸಭೆ ಅವರಿಗಾಗಿ ವಿಶೇಷ ಪ್ರಾರ್ಥನೆ ಮಾಡಿತ್ತು. ಟಿವಿಯಲ್ಲಿ ಇದ್ದವರಿಗೆ ಪ್ರಾರ್ಥನೆ ಮಾಡುವುದು ಸುಲಭ, ಅಲ್ವಾ.

ಅಡುಗೆ ವಾಸನೆಯ ದೂರು ಬಂದಿದೆ ಅಂತ ಬರೆದಿದ್ದೀರಿ. ನಿಜ, ಒಣಗಿಸಿದ ಮೀನು, ಹುಳಿ ಬರಿಸಿದ ಬಿದಿರು ಕಳಲೆ ಹಾಕಿ ಏನೋ ಮಾಡುತ್ತಾರೆ, ಜೋರು ವಾಸನೆಯೇ. ಆದರೆ ದೂರು ಕೊಟ್ಟವರ ಮನೆಯಲ್ಲಿ ಕರವಾಡು ಅನ್ನುವ ಒಣಮೀನು ಹುರಿದರೆ ಮೂರು ಬೀದಿಗೆ ಗೊತ್ತಾಗುತ್ತದೆ. ಇದಕ್ಕಿಂತ ಜಾಸ್ತಿ ಬರೆಯಲು ನನಗೆ ಇಷ್ಟವಿಲ್ಲ.

ಕೊನೆಯ ಕಾರಣ ಮಾತ್ರ ಗಟ್ಟಿಯಾದದ್ದು. ಬಾಡಿಗೆ ಇಲ್ಲದೆ, ಕಾಗದ ಇಲ್ಲದೆ ಬಹಳ ದಿನ ಇದ್ದರೆ ಮುಂದೆ ಹಕ್ಕು ಕೇಳಬಹುದು, ಆಸ್ತಿ ಸಭೆಯದು, ನಾಳೆ ಮೇಲಿನವರಿಗೆ ಲೆಕ್ಕ ಕೊಡಬೇಕಾದವರು ನಾವು ಅಂತ ನೀವು ಹೇಳುತ್ತೀರಿ. ಸರಿ. ಚರ್ಚ್ ಆಸ್ತಿಗಳ ಕೋರ್ಟ್ ಕೇಸು ಎಷ್ಟು ವರ್ಷ ಎಳೆಯುತ್ತದೆ ಅಂತ ನನಗೂ ಗೊತ್ತು. ಅದಕ್ಕೆ ದಾರಿ ಕರಾರು ಬರೆಯುವುದು, ಹೊರಗೆ ಹಾಕುವುದಲ್ಲ. ಹನ್ನೊಂದು ತಿಂಗಳ ಕರಾರು ಮಾಡಿ, ಒಂದು ಸಣ್ಣ ಬಾಡಿಗೆ ಇಡಿ. ಅವರೇ ಎರಡು ಸಲ ಕೇಳಿದ್ದಾರೆ, ಬಾಡಿಗೆ ಕೊಡುತ್ತೇವೆ ಅಂತ. "ಛೇ ಛೇ, ನಿಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳುವುದಾ" ಅಂದವರು ನೀವೇ. ಆಗ ಅದು ದೊಡ್ಡ ಮನಸ್ಸು ಅಂತ ನನಗೂ ಅನಿಸಿತ್ತು. ಈಗ ನೋಡಿದರೆ, ಬಾಡಿಗೆ ಕೊಡುವವನಿಗೆ ಒಂದು ರಶೀದಿ ಇರುತ್ತದೆ, ದಾನದಲ್ಲಿ ಇರುವವನಿಗೆ ಕೊಟ್ಟವರ ಮನಸ್ಸು ಬಿಟ್ಟರೆ ಏನೂ ಇರುವುದಿಲ್ಲ.

ನೋಟಿಸಿನಲ್ಲಿ ಬರೆಯದ ಒಂದು ಕಾರಣವೂ ಇದೆ. ಬೋರ್ಡಿಂಗ್ ಕೆಡವಿ ಮುಂದೆ ನಾಲ್ಕು ಮಳಿಗೆ, ಮೇಲೆ ಒಂದು ಹಾಲ್ ಕಟ್ಟುವ ಪ್ಲಾನು. ಎಲ್ಲರಿಗೂ ಗೊತ್ತಿರುವ ಗುಟ್ಟು. ಕಟ್ಟಬಾರದು ಅಂತ ನಾನು ಹೇಳುವುದಿಲ್ಲ, ದೇವಾಲಯದ ಮಾಡು ಸೋರುತ್ತಿದೆ, ದುಡ್ಡು ಬೇಕು. ಆದರೆ ಪ್ಲಾನಿಗೆ ಇನ್ನೂ ಮಂಜೂರಾತಿ ಇಲ್ಲ, ಟೆಂಡರ್ ಇಲ್ಲ, ಸರ್ವಸದಸ್ಯರ ಸಭೆಯಲ್ಲಿ ಮಾತೇ ಆಗಿಲ್ಲ. ಇಟ್ಟಿಗೆ ಬರುವ ಮೊದಲೇ ಜನರನ್ನು ಎಬ್ಬಿಸುವ ಅವಸರ ಏನು?

ನನ್ನ ಅಸಲಿ ದೂರು ಇಲ್ಲಿದೆ. ನಮ್ಮ ಕರುಣೆಗೆ ಕ್ಯಾಲೆಂಡರ್ ಇದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ ಬಂದರೆ ಕಂಬಳಿ, ಕ್ರಿಸ್ಮಸ್‌ಗೆ ಬಿರಿಯಾನಿ, ಶುಭ ಶುಕ್ರವಾರ ಗಂಜಿ, ಸುಗ್ಗಿಗೆ ಅಕ್ಕಿ ಮೂಟೆ. ಹೋದ ಡಿಸೆಂಬರ್‌ನಲ್ಲಿ ಎಂಟು ಜನರ ಆ ಮನೆಯಲ್ಲಿ ಹನ್ನೊಂದು ಹೊಸ ಕಂಬಳಿ ಇದ್ದವು. ಜುಲೈನಲ್ಲಿ ಸೊಸೆಗೆ ಡೆಂಗಿ ಬಂದು ಆರು ದಿನ ಆಸ್ಪತ್ರೆಯಲ್ಲಿದ್ದಳು. ಆಗ ಬಿಲ್ಲಿಗೆ ಕೈ ಹಾಕಿದವರು ಮೂರು ಮನೆಯವರು, ರಾತ್ರಿ ಕೂತವರು ಇಬ್ಬರು. ಯಾರೂ ಕೆಟ್ಟವರಲ್ಲ. ಜುಲೈನಲ್ಲಿ ಹಬ್ಬ ಇರಲಿಲ್ಲ, ಅಷ್ಟೇ. ಆರಾಧನೆಗೆ ಕಾಲ ಇರಲಿ, ಅದು ಚೆಂದ, ನಾನೂ ನಕ್ಷತ್ರ ಕಟ್ಟಲು ಕಾಯುತ್ತಾ ಕೂರುವವಳೇ. ಹಸಿವಿಗೆ, ಜ್ವರಕ್ಕೆ, ಬಾಡಿಗೆಗೆ ಕಾಲ ಇಲ್ಲವಲ್ಲ. ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಅಲ್ಲಿಯ ನಮ್ಮ ನೆಂಟರು ಎಷ್ಟು ಜನ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬದುಕು ಕಟ್ಟಿಕೊಂಡರು ಅಂತ ನಿಮಗೆ ಗೊತ್ತು. ಅವರಿಗೆ ಬೇಕಾಗಿದ್ದೂ ಕಂಬಳಿ ಅಲ್ಲ. ದಿನಾ ಅದೇ ಟೈಮಿಗೆ ಬರುವ ಒಂದು ರೈಲು.

ಆದ್ದರಿಂದ ನಾನು ಕೇಳುವುದು ಇಷ್ಟು. ಡಿಸೆಂಬರ್ 31ರ ಗಡುವು ತೆಗೆಯಿರಿ. ಅವತ್ತು ರಾತ್ರಿ ವರ್ಷಾಂತ್ಯದ ಆರಾಧನೆಯಲ್ಲಿ ನಾವೆಲ್ಲ ಹೊಸ ವರ್ಷದ ವಾಗ್ದಾನದ ಕಾರ್ಡು ತೆಗೆದುಕೊಳ್ಳುವಾಗ ಅವರು ಟ್ರಂಕು ಕಟ್ಟುತ್ತಾ ಇರಬಾರದು. ಹನ್ನೊಂದು ತಿಂಗಳ ಕರಾರು ಮಾಡಿ, ಆ ಕರಾರಿನ ಮೇಲೆ ಅವರು ಆಧಾರ್ ವಿಳಾಸ ಬದಲಾಯಿಸಿಕೊಳ್ಳಲಿ, ಆಮೇಲೆ ಬಾಡಿಗೆ ಮನೆ ಸಿಗುವುದು ಸ್ವಲ್ಪ ಸುಲಭ ಆಗುತ್ತದೆ. ಕಟ್ಟಡ ಶುರುವಾಗುವ ದಿನ ನಿಜವಾಗಿ ಬಂದರೆ ಮೂರು ತಿಂಗಳು ಮೊದಲು ತಿಳಿಸಿ, ಹೋಗುತ್ತಾರೆ, ಜೊತೆಗೆ ನಾನೇ ಸಾಮಾನು ಹೊರುತ್ತೇನೆ. ಸುಗ್ಗಿ ಹರಾಜಿನ ದುಡ್ಡಿನಲ್ಲಿ ಒಂದು ಪಾಲನ್ನು ಹಬ್ಬಕ್ಕೆ ಕಾಯದೆ ಕೊಡುವ ನಿಧಿಯಾಗಿ ಬೇರೆ ಇಡಿ, ಅದು ಇವರಿಗೇ ಅಂತಲ್ಲ, ನಮ್ಮ ಸಭೆಯಲ್ಲೇ ಬೇಡಲು ನಾಚುವ ಮನೆಗಳು ಎಷ್ಟಿವೆ ಅಂತ ಸ್ತ್ರೀಯರ ಕೂಟದವರನ್ನು ಕೇಳಿ.

ಇನ್ನೊಂದು. ಭಾನುವಾರ ಮಧ್ಯಾಹ್ನ ಅವರು ಅವರ ಭಾಷೆಯಲ್ಲಿ ಆರಾಧನೆ ಮಾಡುತ್ತಾರೆ, ಸುತ್ತಮುತ್ತ ಫ್ಯಾಕ್ಟರಿಗಳಲ್ಲಿ ಇರುವ ಅವರ ಕಡೆಯ ಹುಡುಗ ಹುಡುಗಿಯರೂ ಬರುತ್ತಾರೆ, ಇಪ್ಪತ್ತು ಮೂವತ್ತು ಜನ. ಈಗ ಅದು ಬೋರ್ಡಿಂಗಿನ ವರಾಂಡದಲ್ಲಿ ನಡೆಯುತ್ತಿದೆ. ನಮ್ಮ ದೇವಾಲಯ ಆ ಹೊತ್ತಿನಲ್ಲಿ ಬೀಗ ಹಾಕಿ ನಿದ್ದೆ ಮಾಡುತ್ತಿರುತ್ತದೆ. ಬಾಗಿಲು ತೆಗೆದು ಕೊಡಿ, ಗುಡಿಸಿಯೇ ಹೋಗುತ್ತಾರೆ, ನಮಗಿಂತ ಚೆನ್ನಾಗಿ. ಅವರು ನಾಲ್ಕು ಸ್ವರದಲ್ಲಿ ಹಾಡುವುದನ್ನು ಒಂದು ಸಲ ಒಳಗೆ ಕೇಳಬೇಕು. 2023ರ ಕ್ರಿಸ್ಮಸ್ ಕ್ಯಾರಲ್‌ಗೆ ಅವರು ನಮ್ಮ ಜೊತೆ ಬಂದಾಗ ಬಜಾರಿನಲ್ಲಿ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನಿಂತಿದ್ದು ನೀವೇ ನೋಡಿದ್ದೀರಿ.

ಮತ್ತೆ ದಯವಿಟ್ಟು ಕಂಬಳಿ ಹೊದಿಸಿ ಫೋಟೋ ತೆಗೆಯುವುದನ್ನು ನಿಲ್ಲಿಸಿ. ಕೋಲಾರದಲ್ಲಿ ಚಳಿ ಇದೆ, ಕಂಬಳಿ ಬೇಕು, ಕೊಡಿ. ಕ್ಯಾಮೆರಾ ಬೇಡ. ಅಜ್ಜಿಯ ಮಗನ ಫೋಟೋ ಅವರ ಹತ್ತಿರ ಒಂದೂ ಉಳಿದಿಲ್ಲ. ನಮ್ಮ ಫೋನುಗಳಲ್ಲಿ ಆ ಅಜ್ಜಿಯ ಫೋಟೋ ನೂರಿದೆ.

ಇದನ್ನೆಲ್ಲ ಕಮಿಟಿಯ ಹನ್ನೊಂದು ಜನ ಬಾಗಿಲು ಹಾಕಿಕೊಂಡು ತೀರ್ಮಾನ ಮಾಡುವುದು ಬೇಡ. ಕ್ರಿಸ್ಮಸ್ ಮೊದಲಿನ ಭಾನುವಾರ, ಆರಾಧನೆ ಆದ ಮೇಲೆ, ಸರ್ವಸದಸ್ಯರ ಸಭೆ ಕರೆಯಿರಿ. ಅಜ್ಜಿಯೂ ಇರಲಿ, ಮೊಮ್ಮಗಳು ಅನುವಾದ ಮಾಡುತ್ತಾಳೆ. ನನ್ನ ಮಾತು ಸೋತರೆ ಒಪ್ಪುತ್ತೇನೆ.

ಬೋರ್ಡಿಂಗಿನ ಎರಡನೇ ಬೀಗದ ಕೈ ನನ್ನ ಹತ್ತಿರ ಇದೆ. ಹಳೇ ಅಯ್ಯನವರು ವರ್ಗವಾಗಿ ಹೋಗುವಾಗ ಕೊಟ್ಟಿದ್ದು. ಅದನ್ನು ವಾಪಸ್ ಕೊಡಿ ಅಂತ ನೀವು ಹೋದ ವಾರ ಕೈತೋಟದ ಹುಡುಗನನ್ನು ಕಳಿಸಿದ್ದಿರಿ. ಅವನ ಹತ್ತಿರ ಕೊಟ್ಟು ಕಳಿಸಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ಸಭೆಗೆ ತರುತ್ತೇನೆ. ಎಲ್ಲರ ಮುಂದೆ ಕೇಳಿ, ಅಲ್ಲೇ ಕೊಡುತ್ತೇನೆ.

ಇಂತಿ,
ನಿಮ್ಮ ಸಭೆಯ ಒಬ್ಬ ಸದಸ್ಯೆ,
ಸ್ತ್ರೀಯರ ಕೂಟ